ಒಂದೇ ಕಂಪ್ಯೂಟರ್, ಮನೆಮಂದಿಗೆಲ್ಲ ಬೇರೆ ಬೇರೆ ಇಮೇಲ್: ಮಾಡಿಕೊಳ್ಳುವುದು ಹೇಗೆ?

ಮುಂಬಯಿ ಸುತ್ತಮುತ್ತಲ ಡೊಂಬಿವಲಿ, ಠಾಣೆ, ಮುಲುಂಡ್, ಮೀರಾರೋಡ್ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹಾಲ್‌ನಲ್ಲಿ ಒಂದು ಕಂಪ್ಯೂಟರ್ ಇದೆ, ಬಳಸುವವರು ನಾಲ್ಕೈದು ಜನ. ಜಿಮೇಲ್ ತೆರೆದರೆ ಯಾವಾಗಲೂ ಅಪ್ಪನದೇ ಬರುತ್ತದೆ, ಇಲ್ಲವೇ ಮಗನದು. ಎಲ್ಲರಿಗೂ ಬೇರೆ ಬೇರೆ ಮಾಡಿಕೊಡುವುದು ಹೇಗೆ?

ಎಷ್ಟೋ ಮನೆಗಳಲ್ಲಿ ಇನ್ನೂ ಇಡೀ ಕುಟುಂಬಕ್ಕೆ ಒಂದೇ ಇಮೇಲ್ ಐಡಿ ಇದೆ. ಯಾವ ಕಾಲದಲ್ಲೋ ಅಪ್ಪ ರೆಡಿಫ್‌ಮೇಲ್‌ನಲ್ಲೋ ಯಾಹೂನಲ್ಲೋ ಮಾಡಿಸಿದ್ದು. ಅಮ್ಮನ ಬ್ಯಾಂಕಿಗೂ ಅದೇ, ಮಗಳ ಕಾಲೇಜಿಗೂ ಅದೇ, ಸೊಸೈಟಿಯ ಮೆಂಟೆನೆನ್ಸ್ ಬಿಲ್‌ಗೂ ಅದೇ. ಆಗ ಹೇಗೋ ನಡೆಯುತ್ತಿತ್ತು. ಈಗ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳುವ ಲಿಂಕ್ ಬರುವುದು ಇಮೇಲ್‌ಗೆ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ನೋಟಿಸ್, ಸಿಇಟಿ ಸುದ್ದಿ, ರೈಲು ಟಿಕೆಟ್ ಎಲ್ಲವೂ ಬರುವುದು ಅಲ್ಲಿಗೇ. ಒಬ್ಬರ ಇಮೇಲ್ ಯಾರ ಕೈಯಲ್ಲಿದೆಯೋ, ಆ ಒಬ್ಬರ ಮುಕ್ಕಾಲು ವ್ಯವಹಾರವೂ ಅವರ ಕೈಯಲ್ಲೇ ಇದ್ದಂತೆ. ಹಾಗಾಗಿ ಮನೆಯ ಪ್ರತಿಯೊಬ್ಬರಿಗೂ, ಅದರಲ್ಲೂ ಅಮ್ಮನಿಗೆ, ಅಜ್ಜ ಅಜ್ಜಿಗೆ, ತಮ್ಮದೇ ಆದ ಇಮೇಲ್ ಇರಲೇಬೇಕು.

"ನಮ್ಮ ಮನೇಲಿ ಯಾರೂ ಏನೂ ಮುಚ್ಚಿಡಲ್ಲ, ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಮುಚ್ಚಿಡುವ ಮಾತು ಹಾಗಿರಲಿ. ಅಮ್ಮನ ಎಫ್‌ಡಿ ಅವಧಿ ಮುಗಿಯಿತು ಎಂಬ ಮೇಲ್ ಮಗನ ಶಾಪಿಂಗ್ ಜಾಹೀರಾತುಗಳ ನಡುವೆ ಬಂದು ಬೀಳುತ್ತದೆ. ಮಗ ಎಲ್ಲವನ್ನೂ ಒಟ್ಟಿಗೆ ಆಯ್ದು ಡಿಲೀಟ್ ಒತ್ತುತ್ತಾನೆ. ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಸುದ್ದಿಯೇ ಗೊತ್ತಾಗುವುದಿಲ್ಲ.

ಕೈ ಹಾಕುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಿ. ಇಲ್ಲಿ ಎರಡು ಬಗೆಯ ಖಾತೆಗಳಿವೆ. ಒಂದು ಇಮೇಲ್ ಖಾತೆ. ಅದು ಇಂಟರ್‌ನೆಟ್‌ನಲ್ಲಿ ಇರುವುದು, ಯಾವ ಕಂಪ್ಯೂಟರ್‌ನಿಂದಲೂ ತೆರೆಯಬಹುದು. ಇನ್ನೊಂದು ಕಂಪ್ಯೂಟರ್‌ನ ಬಳಕೆದಾರ ಖಾತೆ, ಅಂದರೆ ಯೂಸರ್ ಅಕೌಂಟ್. ಕಂಪ್ಯೂಟರ್ ಆನ್ ಮಾಡಿದಾಗ ಹೆಸರು ತೋರಿಸಿ ಪಾಸ್‌ವರ್ಡ್ ಕೇಳುತ್ತದಲ್ಲ, ಅದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಮಾಡಿ ಬಿಡುತ್ತಾರೆ. ನಾಲ್ಕು ಇಮೇಲ್ ಇದ್ದರೂ ನಾಲ್ಕೂ ಒಂದೇ ಬ್ರೌಸರ್‌ನಲ್ಲಿ, ಅಂದರೆ ಇಂಟರ್‌ನೆಟ್ ನೋಡುವ ಕ್ರೋಮ್‌ನಂಥ ಸಾಫ್ಟ್‌ವೇರ್‌ನಲ್ಲಿ, ತೆರೆದೇ ಇರುತ್ತವೆ. ಹೀಗಾದರೆ ಬೇರೆ ಮಾಡಿ ಏನು ಬಂತು? ಎರಡನ್ನೂ ಮಾಡಿದಾಗಲೇ ಕೆಲಸ ಪೂರ್ತಿ ಆಗುವುದು.

ಏನೇನು ಬೇಕು?

ಎಲ್ಲರೂ ಮನೆಯಲ್ಲಿರುವ ಒಂದು ಭಾನುವಾರ ಬೇಕು. ಒಬ್ಬೊಬ್ಬರ ಫೋನಿಗೂ ಒಟಿಪಿ ಬರುತ್ತದೆ. ಅಪ್ಪ ಲೋಕಲ್ ರೈಲಿನಲ್ಲಿ ನೇತಾಡುತ್ತಿರುವಾಗ ಫೋನ್ ಮಾಡಿ "ಒಟಿಪಿ ಹೇಳಿ" ಎಂದು ಕೇಳುವ ಅಭ್ಯಾಸ ಬೇಡ. ಮೋಸಗಾರರು ಕೇಳುವುದೂ ಹೀಗೆಯೇ. ಫೋನಿನಲ್ಲಿ ಒಟಿಪಿ ಹೇಳುವುದು ಮನೆಯವರಿಗೆ ಮಾಮೂಲಾಗಬಾರದು.

ಕಂಪ್ಯೂಟರ್‌ನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು. ಅಡ್ಮಿನಿಸ್ಟ್ರೇಟರ್ ಅಂದರೆ ಹೊಸ ಸಾಫ್ಟ್‌ವೇರ್ ಹಾಕುವ, ಹೊಸ ಬಳಕೆದಾರರನ್ನು ಸೇರಿಸುವ ಅಧಿಕಾರ ಇರುವ ಖಾತೆ. ಸಾಮಾನ್ಯವಾಗಿ ಕಂಪ್ಯೂಟರ್ ಕೊಂಡಾಗ ಮೊದಲು ಮಾಡಿದ ಖಾತೆಯೇ ಅದು. ಜೊತೆಗೆ ಒಂದು ಡೈರಿ, ಒಂದು ಪೆನ್ನು.

ಇಲ್ಲಿ ವಿಂಡೋಸ್ 11 ಮತ್ತು ವಿಂಡೋಸ್ 10 ಇಟ್ಟುಕೊಂಡು ಹೇಳಿದ್ದೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ನಡೆಯುತ್ತದೆ ನಿಜ, ಆದರೆ ಬ್ಯಾಂಕ್ ಕೆಲಸವೂ ಅದರಲ್ಲೇ ಆಗುತ್ತಿದ್ದರೆ 11ಕ್ಕೆ ಹೋಗಲು ಆಗುತ್ತದೆಯೇ ಎಂದು ಒಮ್ಮೆ ನೋಡಿಸಿ. ಇಮೇಲ್‌ಗೆ ಜಿಮೇಲನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ, ಹೆಚ್ಚಿನವರ ಹತ್ತಿರ ಇರುವುದು ಅದೇ ಅಲ್ವಾ.

ಹಂತ 1: ಈಗಾಗಲೇ ಏನಿದೆ ಎಂದು ನೋಡಿ

ಈ ಹಂತ ಬಿಟ್ಟು ನೇರ ಹೊಸ ಖಾತೆ ಮಾಡಲು ಹೊರಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ.

"ಅಮ್ಮನಿಗೆ ಇಮೇಲ್ ಇಲ್ಲ" ಎನ್ನುತ್ತೀರಿ. ಆದರೆ ಅಮ್ಮನ ಹತ್ತಿರ ಆಂಡ್ರಾಯ್ಡ್ ಫೋನ್ ಇದ್ದು, ಅದರಲ್ಲಿ ಪ್ಲೇ ಸ್ಟೋರ್‌ನಿಂದ ವಾಟ್ಸಾಪ್ ಹಾಕಿಕೊಂಡಿದ್ದರೆ ಅವರಿಗೆ ಆಗಲೇ ಒಂದು ಜಿಮೇಲ್ ಇರುತ್ತದೆ. ಫೋನ್ ಕೊಂಡ ದಿನ ಅಂಗಡಿಯ ಹುಡುಗ ಎರಡೇ ನಿಮಿಷದಲ್ಲಿ ಮಾಡಿಕೊಟ್ಟಿರುತ್ತಾನೆ. ಹೆಸರಿನ ಮುಂದೆ ಏನೇನೋ ಅಂಕಿ ಇರುತ್ತದೆ. ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ.

ನೋಡುವುದು ಸುಲಭ. ಅಮ್ಮನ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆಯ ದುಂಡನೆಯ ಗುರುತನ್ನು ಒತ್ತಿ. ಅಲ್ಲಿ ಇಮೇಲ್ ವಿಳಾಸ ಕಾಣುತ್ತದೆ. ಅದು ಚೆನ್ನಾಗಿದ್ದರೆ ಅದನ್ನೇ ಬಳಸಿ, ಹೊಸದು ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್' ಎಂಬಲ್ಲಿಗೆ ಹೋಗಿ, ಖಾತೆಯ 'ಸೆಕ್ಯೂರಿಟಿ' ಭಾಗದಲ್ಲಿ ಪಾಸ್‌ವರ್ಡ್ ಬದಲಾಯಿಸಿ. ಹಳೆಯ ಪಾಸ್‌ವರ್ಡ್ ಕೇಳಿದರೆ 'ಫರ್ಗಾಟ್ ಪಾಸ್‌ವರ್ಡ್' ಒತ್ತಿ. ದಿನಾ ಬಳಸುವ ಫೋನಿನಿಂದಲೇ ಇದನ್ನು ಮಾಡಿದರೆ ಗೂಗಲ್‌ಗೆ ಗುರುತು ಹಿಡಿಯುವುದು ಸುಲಭ, ಕಂಪ್ಯೂಟರ್‌ನಿಂದ ಮಾಡಿದರೆ ತಕರಾರು ಜಾಸ್ತಿ.

ಡೈರಿಯಲ್ಲಿ ಒಬ್ಬೊಬ್ಬರಿಗೆ ಒಂದು ಪುಟ ಕೊಡಿ. ಹೆಸರು, ಈಗಿರುವ ಇಮೇಲ್, ಅದಕ್ಕೆ ಜೋಡಿಸಿದ ಫೋನ್ ನಂಬರ್ ಬರೆಯಿರಿ. ಆ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಊರಿಗೆ ಹೋದಾಗ ತೆಗೆದ ಸಿಮ್ ಕೊಟ್ಟು ಖಾತೆ ಮಾಡಿರುತ್ತಾರೆ, ಆಮೇಲೆ ಮುಂಬಯಿಯಲ್ಲಿ ಅದಕ್ಕೆ ರೀಚಾರ್ಜ್ ಮಾಡುವುದೇ ಇಲ್ಲ. ಹಾಗೆ ಬಂದ್ ಆದ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರಿಗೆ ಹೋಗಬಹುದು. ಆಗ ನಿಮ್ಮ ಒಟಿಪಿ ಅವರಿಗೆ ಬರುತ್ತದೆ.

ಹಂತ 2: ಕಂಪ್ಯೂಟರ್‌ನಲ್ಲಿ ಒಬ್ಬೊಬ್ಬರಿಗೂ ಖಾತೆ ಮಾಡಿ

ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಒಳಗೆ ಹೋಗಿ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಹಿಡಿದು 'ಐ' ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ 'ಅಕೌಂಟ್ಸ್'. ವಿಂಡೋಸ್ 11ರಲ್ಲಿ 'ಅದರ್ ಯೂಸರ್ಸ್', ವಿಂಡೋಸ್ 10ರಲ್ಲಿ 'ಫ್ಯಾಮಿಲಿ ಆಂಡ್ ಅದರ್ ಯೂಸರ್ಸ್'. ಅದರೊಳಗೆ ಹೊಸ ಖಾತೆ ಸೇರಿಸುವ ಬಟನ್ ಇದೆ.

ಒತ್ತಿದ ಕೂಡಲೇ ವಿಂಡೋಸ್ ಒಂದು ಇಮೇಲ್ ಕೇಳುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಅದು ಕೇಳುತ್ತಿರುವುದು ಮೈಕ್ರೋಸಾಫ್ಟ್ ಖಾತೆಯ ಇಮೇಲ್. ಅಲ್ಲಿ ಜಿಮೇಲ್ ವಿಳಾಸ, ಅದರ ಪಾಸ್‌ವರ್ಡ್ ಹಾಕಿ "ತಪ್ಪು ಅಂತಿದೆ" ಎಂದು ತಲೆ ಕೆಡಿಸಿಕೊಳ್ಳಬೇಡಿ. ಮನೆಯ ಕಂಪ್ಯೂಟರ್‌ಗೆ ಮೈಕ್ರೋಸಾಫ್ಟ್ ಖಾತೆ ಬೇಕೆಂದೇನಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ 'ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್ಫರ್ಮೇಷನ್' ಎಂದಿರುತ್ತದೆ, ಅದನ್ನು ಒತ್ತಿ. ಮುಂದಿನ ಪುಟದಲ್ಲಿ 'ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್' ಒತ್ತಿ. ಈಗ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪುಟ ಬರುತ್ತದೆ. ಹೀಗೆ ಮಾಡಿದ್ದಕ್ಕೆ ಲೋಕಲ್ ಅಕೌಂಟ್ ಎನ್ನುತ್ತಾರೆ, ಅಂದರೆ ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸೇರಿದ ಖಾತೆ.

ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ನಡುವೆ ಜಾಗ ಬಿಡದೆ ಬರೆಯಿರಿ. ಕನ್ನಡದಲ್ಲಿ ಬರೆಯಲು ಮನಸ್ಸಾಗುತ್ತದೆ, ಆದರೆ ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಅದರಿಂದ ತೊಂದರೆ ಕೊಡುತ್ತವೆ. ಆಮೇಲೆ ಮೂರು ಗುಟ್ಟಿನ ಪ್ರಶ್ನೆಗಳಿಗೆ ಉತ್ತರ ಕೇಳುತ್ತದೆ. ಪಾಸ್‌ವರ್ಡ್ ಮರೆತಾಗ ಒಳಗೆ ಬರಲು ಇವು. ಆದರೆ "ಹುಟ್ಟಿದ ಊರು ಯಾವುದು" ಎಂಬುದು ಇಡೀ ಮನೆಗೆ ಗೊತ್ತಿರುವ ವಿಷಯ. ಹಾಗಾಗಿ ನಿಜ ಉತ್ತರವೇ ಕೊಡಬೇಕೆಂದಿಲ್ಲ. ತಮಗೆ ನೆನಪಿರುವ ಬೇರೆ ಏನಾದರೂ ಬರೆದರೆ ಆಯಿತು.

ಹೊಸ ಖಾತೆಗಳು ತಾವಾಗಿಯೇ 'ಸ್ಟ್ಯಾಂಡರ್ಡ್ ಯೂಸರ್' ಆಗಿರುತ್ತವೆ. ಹಾಗೆಯೇ ಬಿಡಿ. ಎಲ್ಲರನ್ನೂ ಅಡ್ಮಿನಿಸ್ಟ್ರೇಟರ್ ಮಾಡಿದರೆ ಯಾರೋ ಒಬ್ಬರು ಏನೋ ಒಂದು ಡೌನ್‌ಲೋಡ್ ಒತ್ತಿದಾಗ ಅದು ಇಡೀ ಕಂಪ್ಯೂಟರ್‌ಗೆ ಅಂಟಿಕೊಳ್ಳುತ್ತದೆ. ಅಡ್ಮಿನಿಸ್ಟ್ರೇಟರ್ ಆದವರು ಬೇಕೆಂದರೆ ಬೇರೆಯವರ ಫೈಲ್ ತೆರೆಯಬಹುದು, ಅವರ ವಿಂಡೋಸ್ ಪಾಸ್‌ವರ್ಡ್ ಬದಲಿಸಬಹುದು ಎಂಬುದೂ ಗೊತ್ತಿರಲಿ. ಆ ಅಧಿಕಾರ ಯಾರ ಹತ್ತಿರ ಇರಬೇಕು ಎಂದು ಎಲ್ಲರೂ ಕೂತು ಮಾತಾಡಿಕೊಳ್ಳಿ. ನನ್ನ ಪ್ರಕಾರ ಅಪ್ಪ ಅಮ್ಮ ಇಬ್ಬರಿಗೂ ಅದರ ಪಾಸ್‌ವರ್ಡ್ ಗೊತ್ತಿರುವುದು ಒಳ್ಳೆಯದು.

ಎಲ್ಲರಿಗೂ ಬೇಕಾದ ಮದುವೆ ಫೋಟೊ, ಹಬ್ಬದ ವಿಡಿಯೊ ಎಲ್ಲಿಡುವುದು? ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರ್ ಒಳಗೆ 'ಪಬ್ಲಿಕ್' ಎಂಬ ಫೋಲ್ಡರ್ ಇದೆ. ಅದರಲ್ಲಿ ಇಟ್ಟದ್ದು ಎಲ್ಲರಿಗೂ ಕಾಣುತ್ತದೆ. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಸ್ಕ್ಯಾನ್ ಅಲ್ಲಿ ಬೇಡ.

ಒಬ್ಬರ ಕೆಲಸ ಮುಗಿದು ಇನ್ನೊಬ್ಬರು ಕೂರುವಾಗ ವಿಂಡೋಸ್ ಕೀ ಹಿಡಿದು 'ಎಲ್' ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಆದರೆ ಮೊದಲಿನವರ ಕಾರ್ಯಕ್ರಮಗಳು ಒಳಗೆ ಓಡುತ್ತಲೇ ಇರುತ್ತವೆ. 4 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್ ಆದರೆ ಇಬ್ಬರು ಮೂವರು ಹೀಗೆ ಬಿಟ್ಟುಹೋದರೆ ಸಾಕು, ತೆವಳಲು ಶುರು ಮಾಡುತ್ತದೆ. ಅಂಥ ಕಡೆ ಪೂರ್ತಿ 'ಸೈನ್ ಔಟ್' ಮಾಡಿ ಏಳುವುದೇ ಸರಿ. ಅಣ್ಣನ ಅರ್ಧ ಬರೆದ ಪ್ರಾಜೆಕ್ಟ್ ಒಳಗಿದ್ದಾಗ ತಂಗಿ ಶಟ್‌ಡೌನ್ ಒತ್ತಿದರೆ ವಿಂಡೋಸ್ ಎಚ್ಚರಿಕೆ ಕೊಡುತ್ತದೆ. ಓದದೆ ಮುಂದೆ ಹೋದರೆ ಸೇವ್ ಆಗದ್ದು ಹೋಯಿತು.

ಹಂತ 3: ಇಮೇಲ್ ಖಾತೆ ತೆರೆಯಿರಿ

ಯಾರಿಗೆ ಖಾತೆ ಮಾಡಬೇಕೋ ಅವರ ಹೆಸರಿನ ವಿಂಡೋಸ್ ಖಾತೆಯೊಳಗೆ ಹೋಗಿ. ಅವರೇ ಕುರ್ಚಿಯಲ್ಲಿ ಕೂರಲಿ, ನೀವು ಪಕ್ಕದಲ್ಲಿ ನಿಂತು ಹೇಳಿಕೊಡಿ. ಅತ್ತೆಗೆ ಟೈಪ್ ಮಾಡಲು ಹೊತ್ತು ಹಿಡಿಯುತ್ತದೆ ಎಂದು ನೀವೇ ಮಾಡಿಕೊಟ್ಟರೆ, ನಾಳೆ ಪಾಸ್‌ವರ್ಡ್ ಅವರಿಗೆ ನೆನಪಿರುವುದಿಲ್ಲ.

ಬ್ರೌಸರ್‌ನಲ್ಲಿ ಜಿಮೇಲ್ ತೆರೆದು 'ಕ್ರಿಯೇಟ್ ಅಕೌಂಟ್' ಒತ್ತಿ, ಸ್ವಂತ ಬಳಕೆಗೆ ಎಂಬುದನ್ನು ಆರಿಸಿ. ಹೆಸರು, ಹುಟ್ಟಿದ ದಿನ ಕೇಳುತ್ತದೆ. ಬ್ಯಾಂಕ್, ಪ್ಯಾನ್‌ಗೆ ಬಳಸುವ ಇಮೇಲ್ ಆದ್ದರಿಂದ ದಾಖಲೆಯಲ್ಲಿ ಇರುವ ಹೆಸರನ್ನೇ ಕೊಡಿ.

ವಿಳಾಸ ಆರಿಸುವುದಕ್ಕೆ ಸ್ವಲ್ಪ ಸಮಯ ಕೊಡಿ. 6ರಿಂದ 30 ಅಕ್ಷರದವರೆಗೆ ಇರಬಹುದು. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಚುಕ್ಕೆ ನಡೆಯುತ್ತದೆ. ಚುಕ್ಕೆ ಎಲ್ಲಿಟ್ಟರೂ ಜಿಮೇಲ್‌ಗೆ ಎಲ್ಲ ಒಂದೇ. ಹೆಸರಿನ ನಡುವೆ ಚುಕ್ಕೆ ಇಟ್ಟರೆ ಹೊಸ ವಿಳಾಸ ಆಗುತ್ತದೆ ಎಂದು ಭಾವಿಸಬೇಡಿ. ಹೆಸರು ಮತ್ತು ಮನೆತನದ ಹೆಸರು ಸೇರಿಸಿದರೆ ಸಾಮಾನ್ಯವಾಗಿ ಸಾಕು, ಸಿಗದಿದ್ದರೆ ಊರಿನ ಹೆಸರು ಸೇರಿಸಿ. ಹುಟ್ಟಿದ ವರ್ಷ ಮತ್ತು ಮೊಬೈಲ್ ನಂಬರ್ ಸೇರಿಸಬೇಡಿ. ವಿಳಾಸ ಎಲ್ಲರಿಗೂ ಕಾಣುವಂಥದ್ದು, ಅದರಲ್ಲಿ ಆ ಮಾಹಿತಿ ಯಾಕೆ? ಇನ್ನೊಂದು ಮಾತು. ಫೋನಿನಲ್ಲಿ ಬ್ಯಾಂಕಿನವರಿಗೆ ಅಕ್ಷರ ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ. ಜಾಸ್ತಿ ಉದ್ದ ಮಾಡಿದರೆ ಅಮ್ಮನಿಗೇ ಕಷ್ಟ.

ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು. ನಾನು 14-15 ಅಕ್ಷರ ಇರಲಿ ಎನ್ನುತ್ತೇನೆ. ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ನಡುವೆ ಅಂಕಿ ಹಾಕಿದರೆ ಹಿರಿಯರಿಗೂ ನೆನಪಿರುತ್ತದೆ. ಮನೆದೇವರ ಹೆಸರು, ಮಕ್ಕಳ ಹೆಸರು, ಮದುವೆಯ ತಾರೀಖು ಬೇಡ. ಮನೆಮಂದಿಗೆಲ್ಲ ಒಂದೇ ಪಾಸ್‌ವರ್ಡ್ ಇಟ್ಟರೆ ಇಷ್ಟು ಹೊತ್ತು ಮಾಡಿದ್ದೆಲ್ಲ ವ್ಯರ್ಥ.

ಆಮೇಲೆ ಫೋನ್ ನಂಬರ್ ಖಚಿತಪಡಿಸುವುದು. ಒಟಿಪಿ ಬರಬಹುದು, ಇಲ್ಲವೇ ಪರದೆಯ ಮೇಲೆ ಕ್ಯೂಆರ್ ಕೋಡ್ ತೋರಿಸಿ ಫೋನಿನಿಂದ ಸ್ಕ್ಯಾನ್ ಮಾಡಲು ಹೇಳಬಹುದು. ಒಂದೇ ನಂಬರ್‌ನಿಂದ ಎಷ್ಟು ಬೇಕಾದರೂ ಖಾತೆ ಮಾಡಲು ಗೂಗಲ್ ಬಿಡುವುದಿಲ್ಲ. ಎಲ್ಲರ ಖಾತೆಗೂ ಮಗನ ನಂಬರೇ ಕೊಡುತ್ತ ಹೋದರೆ ಒಂದು ಹಂತದಲ್ಲಿ "ಈ ನಂಬರ್ ಆಗುವುದಿಲ್ಲ" ಎಂದು ನಿಲ್ಲಿಸುತ್ತದೆ. ಅವರವರ ನಂಬರ್ ಅವರವರಿಗೆ.

ಕನ್ನಡದಲ್ಲೇ ಓದಬೇಕೆನ್ನುವವರಿಗೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡಿ. ಬಟನ್‌ಗಳೆಲ್ಲ ಕನ್ನಡಕ್ಕೆ ಬರುತ್ತವೆ. ವಿಂಡೋಸ್‌ನ ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ 'ಫೊನೆಟಿಕ್' ಕೀಬೋರ್ಡ್ ಆರಿಸಿದರೆ, ಇಂಗ್ಲಿಷ್ ಅಕ್ಷರ ಒತ್ತಿದ ಹಾಗೆ ಕನ್ನಡ ಮೂಡುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಪಾಸ್‌ವರ್ಡ್ ಹಾಕುವಾಗ ಮಾತ್ರ ಕೀಬೋರ್ಡ್ ಇಂಗ್ಲಿಷ್‌ನಲ್ಲಿದೆಯೇ ನೋಡಿಕೊಳ್ಳಿ.

ಹಂತ 4: ಕಳೆದುಹೋದರೆ ವಾಪಸ್ ಸಿಗುವಂತೆ ಮಾಡಿ

ಖಾತೆ ತೆರೆದ ದಿನವೇ ಇದು ಆಗಬೇಕು. "ನಾಳೆ ಮಾಡೋಣ" ಅಂದರೆ ಆ ನಾಳೆ ಬರುವುದೇ ಇಲ್ಲ.

ಗೂಗಲ್ ಖಾತೆಯ 'ಸೆಕ್ಯೂರಿಟಿ' ಪುಟದಲ್ಲಿ ರಿಕವರಿ ಫೋನ್, ರಿಕವರಿ ಇಮೇಲ್ ಎಂಬ ಎರಡು ಜಾಗಗಳಿವೆ. ಪಾಸ್‌ವರ್ಡ್ ಮರೆತಾಗ ನಿಮ್ಮನ್ನು ಗುರುತಿಸಲು ಗೂಗಲ್ ಇವನ್ನು ಬಳಸುತ್ತದೆ. ಫೋನ್ ಅವರದೇ ಇರಲಿ. ಇಮೇಲ್ ಜಾಗಕ್ಕೆ ಮನೆಯಲ್ಲಿ ನಂಬಿಕೆಯ ಇನ್ನೊಬ್ಬರದು ಕೊಡಬಹುದು, ಅಮ್ಮನಿಗೆ ಮಗಳದು ಎನ್ನುವ ಹಾಗೆ. ಅಜ್ಜನಿಗೆ ಸ್ವಂತ ಫೋನ್ ಇಲ್ಲದಿದ್ದರೆ ಯಾರ ನಂಬರ್ ಕೊಟ್ಟಿರಿ ಎಂಬುದನ್ನು ಅಜ್ಜನ ಪುಟದಲ್ಲಿ ಬರೆದಿಡಿ. ಆ ನಂಬರ್ ಬದಲಾದ ದಿನ ಇಲ್ಲಿಯೂ ಬದಲಾಗಬೇಕು.

ಅದೇ ಪುಟದಲ್ಲಿ 'ಟೂ-ಸ್ಟೆಪ್ ವೆರಿಫಿಕೇಷನ್' ಇದೆ. ಪಾಸ್‌ವರ್ಡ್ ಹಾಕಿದ ಮೇಲೂ ಫೋನಿನಲ್ಲಿ ಒಮ್ಮೆ ಒಪ್ಪಿಗೆ ಕೇಳುವ ಏರ್ಪಾಟು ಅದು. ಆನ್ ಮಾಡಿ. ಆನ್ ಮಾಡಿದ ಮೇಲೆ 'ಬ್ಯಾಕಪ್ ಕೋಡ್ಸ್' ತೆಗೆದುಕೊಳ್ಳಿ. 8 ಅಂಕಿಗಳ 10 ಕೋಡ್ ಸಿಗುತ್ತವೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಲೋಕಲ್‌ನ ನೂಕುನುಗ್ಗಲಿನಲ್ಲಿ ಫೋನ್ ಕಳೆದುಹೋದ ದಿನ ಮನೆಗೆ ಬಂದು ಇಮೇಲ್ ತೆರೆಯಲು ಇವೇ ದಾರಿ. ಕಾಗದದ ಮೇಲೆ ಬರೆದು ರೇಷನ್ ಕಾರ್ಡ್ ಇಡುವ ಕಪಾಟಿನಲ್ಲಿಡಿ. ಕಂಪ್ಯೂಟರ್ ಟೇಬಲ್‌ನ ಡ್ರಾಯರ್ ಬೇಡ, ಫೋನಿನಲ್ಲಿ ಫೋಟೊ ತೆಗೆದಿಡುವುದು ಅದಕ್ಕಿಂತ ಬೇಡ.

ಇತ್ತೀಚೆಗೆ 'ಪಾಸ್‌ಕೀ ಮಾಡಿಕೊಳ್ಳಿ' ಎಂದು ಗೂಗಲ್ ಆಗಾಗ ಕೇಳುತ್ತದೆ. ಪಾಸ್‌ವರ್ಡ್ ಬದಲು ಆ ಯಂತ್ರದ ಬೀಗವನ್ನೇ ಬಳಸಿ ಒಳಗೆ ಬಿಡುವ ವಿಧಾನ ಅದು. ಸ್ವಂತ ಫೋನಿನಲ್ಲಿ ಮಾಡಿಕೊಂಡರೆ ಒಳ್ಳೆಯದೇ. ಎಲ್ಲರೂ ಒಂದೇ ವಿಂಡೋಸ್ ಖಾತೆ ಬಳಸುವ ಕಂಪ್ಯೂಟರ್‌ನಲ್ಲಿ ಮಾತ್ರ ಬೇಡ. ಬೀಗ ತೆರೆಯಲು ಗೊತ್ತಿರುವ ಯಾರು ಬೇಕಾದರೂ ಒಳಗೆ ಬರಬಹುದು.

ಹಂತ 5: ಬ್ರೌಸರ್ ಸರಿಮಾಡಿ

ಹಂತ 2 ಮಾಡಿದ್ದರೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಒಬ್ಬೊಬ್ಬರ ವಿಂಡೋಸ್ ಖಾತೆಯಲ್ಲೂ ಕ್ರೋಮ್ ಹೊಸದಾಗಿಯೇ ತೆರೆಯುತ್ತದೆ. ಅವರ ಜಿಮೇಲ್ ಒಂದನ್ನೇ ಅಲ್ಲಿ ಹಾಕಿ.

ವಿಂಡೋಸ್ ಖಾತೆ ಬೇರೆ ಮಾಡುವುದು ಸದ್ಯ ಆಗದು ಎನ್ನುವವರಿಗೆ ಕ್ರೋಮ್‌ನಲ್ಲಿ ಪ್ರೊಫೈಲ್ ಎಂಬ ಅನುಕೂಲ ಇದೆ. ಮೇಲೆ ಬಲಗಡೆಯ ದುಂಡನೆಯ ಗುರುತನ್ನು ಒತ್ತಿ ಹೊಸ ಪ್ರೊಫೈಲ್ ಸೇರಿಸಿ. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಬಣ್ಣ ಕೊಡಿ. ಇಮೇಲ್, ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಎಲ್ಲ ಬೇರೆ ಬೇರೆ ಇರುತ್ತವೆ. ಆದರೆ ಇದು ಬಾಗಿಲಲ್ಲ, ನಡುಮನೆಗೆ ಕಟ್ಟಿದ ಪರದೆ. ಪ್ರೊಫೈಲ್‌ಗೆ ಪಾಸ್‌ವರ್ಡ್ ಇಲ್ಲ, ಯಾರು ಬೇಕಾದರೂ ಇನ್ನೊಬ್ಬರದನ್ನು ಒತ್ತಿ ತೆರೆಯಬಹುದು. ಗೊಂದಲ ತಪ್ಪಿಸಲು ಇದು ಸಾಕು, ಬ್ಯಾಂಕ್ ವ್ಯವಹಾರ ಇರುವವರಿಗೆ ಸಾಲದು.

ಒಂದೇ ಜಿಮೇಲ್ ಪುಟದಲ್ಲಿ 'ಆಡ್ ಅನದರ್ ಅಕೌಂಟ್' ಒತ್ತಿ ಎಲ್ಲರ ಖಾತೆಯನ್ನೂ ಸಾಲಾಗಿ ತೆರೆದಿಡುವುದು ಮಾತ್ರ ಖಂಡಿತ ಬೇಡ. ಹೀಗೆ ಮಾಡಿದಾಗ ಮೊದಲು ತೆರೆದ ಖಾತೆಯೇ ಮುಖ್ಯ ಖಾತೆ ಆಗುತ್ತದೆ. ಮಗಳು ಕಾಲೇಜಿನ ಲಿಂಕ್ ಒತ್ತಿದರೆ ಅದು ಅಪ್ಪನ ಹೆಸರಿನಲ್ಲಿ ತೆರೆಯುತ್ತದೆ. ಅಪ್ಲಿಕೇಶನ್ ಅಪ್ಪನ ಹೆಸರಿನಿಂದ ಹೋಗುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಸೊಸೈಟಿಯ ಸೆಕ್ರೆಟರಿಗೆ ಬರೆದ ನೀರಿನ ದೂರು ಹತ್ತನೇ ಕ್ಲಾಸಿನ ಹುಡುಗನ ಐಡಿಯಿಂದ ಹೋಗಿತ್ತು. ಉತ್ತರವೂ ಅವನಿಗೇ ಬಂತು, ಅವನು ನೋಡಲೇ ಇಲ್ಲ.

ಉಳಿಸಿದ ಪಾಸ್‌ವರ್ಡ್‌ಗಳನ್ನೂ ನೋಡಿ. ಕ್ರೋಮ್‌ನ ಮೂರು ಚುಕ್ಕೆ ಒತ್ತಿ ಪಾಸ್‌ವರ್ಡ್ ಮ್ಯಾನೇಜರ್ ತೆರೆಯಿರಿ. ಇಷ್ಟು ವರ್ಷ ಎಲ್ಲರೂ ಒಂದೇ ಕಡೆ 'ಸೇವ್' ಒತ್ತಿದ್ದರಿಂದ ಅಮ್ಮನ ನೆಟ್‌ಬ್ಯಾಂಕಿಂಗ್, ಮಾವನ ಪಿಎಫ್, ಮಗಳ ಪರೀಕ್ಷೆಯ ಪೋರ್ಟಲ್ ಎಲ್ಲ ಒಬ್ಬರ ಖಾತೆಯಲ್ಲಿ ಸಾಲಾಗಿ ಕಾಣುತ್ತವೆ. ಅವರವರದು ಅವರವರ ಕ್ರೋಮ್‌ನಲ್ಲಿ ಉಳಿಸಿ, ಇಲ್ಲಿಂದ ಅಳಿಸಿ. ಅಳಿಸಿದ ಮೇಲೆ ಆ ಪಾಸ್‌ವರ್ಡ್‌ಗಳನ್ನೂ ಒಮ್ಮೆ ಬದಲಿಸಿ.

ಹಂತ 6: ಹಳೆಯ ಮನೆ ಐಡಿಯಿಂದ ಹೊರಗೆ ಬನ್ನಿ

ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಬೇಡಿ. ಹಳೆಯ ಐಡಿಯನ್ನು ಅಳಿಸುವುದು ಬೇಡವೇ ಬೇಡ. ಯಾವ ಯಾವ ಕಡೆ ಅದನ್ನು ಕೊಟ್ಟಿದ್ದೀರಿ ಎಂಬುದು ನಿಮಗೆ ಪೂರ್ತಿ ನೆನಪಿರುವುದಿಲ್ಲ. ಜಿಮೇಲ್‌ನಲ್ಲಿ ಒಮ್ಮೆ ಅಳಿಸಿದ ವಿಳಾಸ ಮತ್ತೆ ಹೊಸದಾಗಿ ತೆರೆಯಲೂ ಸಿಗುವುದಿಲ್ಲ.

ಹಳೆಯ ಇನ್‌ಬಾಕ್ಸ್‌ನಲ್ಲಿ ಕಳೆದ ಒಂದು ವರ್ಷದ ಮೇಲ್‌ಗಳನ್ನು ಮೇಲಿಂದ ಕೆಳಗೆ ನೋಡುತ್ತ ಹೋಗಿ. ಯಾವ ಬ್ಯಾಂಕಿನಿಂದ, ಯಾವ ಕಚೇರಿಯಿಂದ, ಯಾರ ಹೆಸರಿಗೆ ಬಂದಿದೆ ಎಂದು ಡೈರಿಯ ಅವರವರ ಪುಟದಲ್ಲಿ ಬರೆಯಿರಿ. ಮೊದಲು ದುಡ್ಡಿನ ವಿಷಯ: ಬ್ಯಾಂಕ್, ವಿಮೆ, ಮ್ಯೂಚುವಲ್ ಫಂಡ್, ಪಿಎಫ್, ಆದಾಯ ತೆರಿಗೆ ಪೋರ್ಟಲ್. ಬ್ಯಾಂಕಿನಲ್ಲಿ ನೆಟ್‌ಬ್ಯಾಂಕಿಂಗ್‌ನಿಂದ ಆಗದಿದ್ದರೆ ಶಾಖೆಗೆ ಹೋಗಿ ಫಾರ್ಮ್ ತುಂಬಿ ಕೊಡಬೇಕು. ಆಮೇಲೆ ಮಕ್ಕಳ ವಿದ್ಯಾಭ್ಯಾಸ. ಮಹಾರಾಷ್ಟ್ರದ ಸಿಇಟಿ, ಮಹಾಡಿಬಿಟಿ ಸ್ಕಾಲರ್‌ಶಿಪ್ ಅರ್ಜಿ ನಡೆಯುತ್ತಿರುವಾಗ ನಡುವೆ ಇಮೇಲ್ ಬದಲಿಸಲು ಹೋಗಬೇಡಿ. ಅರ್ಜಿಯ ಕೆಲಸ ಮುಗಿಯಲಿ.

ಗಣಪತಿ ಹಬ್ಬಕ್ಕೆ, ಮೇ ರಜೆಗೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರು ಐಆರ್‌ಸಿಟಿಸಿ ಖಾತೆಯನ್ನೂ ನೋಡಿಕೊಳ್ಳಿ. ಅಲ್ಲಿ ಒಂದು ಇಮೇಲ್‌ಗೆ ಒಂದೇ ಖಾತೆ. ಅಮ್ಮನ ಹೆಸರಲ್ಲಿ ಬೇರೆ ಖಾತೆ ಬೇಕಿದ್ದರೆ ಅಮ್ಮನದೇ ಇಮೇಲ್, ಅಮ್ಮನದೇ ಮೊಬೈಲ್ ಬೇಕು.

ಈ ಬದಲಾವಣೆ ಮುಗಿಯುವವರೆಗೆ ಮೇಲ್ ತಪ್ಪಿಹೋಗದಂತೆ ಫಿಲ್ಟರ್ ಹಾಕಬಹುದು. ಫಿಲ್ಟರ್ ಅಂದರೆ ಇಂಥವರಿಂದ ಬಂದ ಮೇಲನ್ನು ಹೀಗೆ ಮಾಡು ಎಂದು ಜಿಮೇಲ್‌ಗೆ ಹೇಳಿಡುವುದು. ಹಳೆಯ ಐಡಿ ಜಿಮೇಲ್ ಆಗಿದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಭಾಗದಲ್ಲಿ ಅಮ್ಮನ ಹೊಸ ವಿಳಾಸ ಸೇರಿಸಿ. ಅಮ್ಮನಿಗೆ ಒಂದು ಖಚಿತಪಡಿಸುವ ಮೇಲ್ ಬರುತ್ತದೆ, ಅದನ್ನು ಒಪ್ಪಿಕೊಳ್ಳಿ. ಆಮೇಲೆ ಅಮ್ಮನ ಬ್ಯಾಂಕಿನಿಂದ ಬರುವ ಮೇಲ್‌ಗಳಿಗೆ ಮಾತ್ರ ಫಿಲ್ಟರ್ ಮಾಡಿ ಆ ವಿಳಾಸಕ್ಕೆ ಕಳಿಸಿ. ಎಲ್ಲವನ್ನೂ ಎಲ್ಲರಿಗೂ ಫಾರ್ವರ್ಡ್ ಮಾಡಿದರೆ ಹಳೆಯ ಸಂತೆಯೇ ಮತ್ತೆ ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಫಾರ್ವರ್ಡಿಂಗ್ ತೆಗೆಯಲು ಮರೆಯಬೇಡಿ.

ಹಳೆಯ ಐಡಿ ತುಂಬಿಹೋಗಿದೆಯೇ ಎಂದೂ ನೋಡಿ. ಗೂಗಲ್ ಪುಕ್ಕಟೆ ಕೊಡುವ ಜಾಗ 15 ಜಿಬಿ. ಫೋಟೊ, ಡ್ರೈವ್, ಮೇಲ್ ಎಲ್ಲ ಸೇರಿ ಅಷ್ಟು. ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ.

ಹಂತ 7: ಮಕ್ಕಳ ಖಾತೆ

ನಮ್ಮ ದೇಶದಲ್ಲಿ 13 ತುಂಬದ ಮಕ್ಕಳು ತಾವಾಗಿ ಗೂಗಲ್ ಖಾತೆ ತೆರೆಯುವಂತಿಲ್ಲ. ಶಾಲೆಯವರು ಕೇಳಿದರು ಎಂದು ಸುಳ್ಳು ಹುಟ್ಟುಹಬ್ಬ ಹಾಕಿ ಮಾಡಿಸಬೇಡಿ. ಗೂಗಲ್‌ಗೆ ಗೊತ್ತಾದರೆ ಖಾತೆ ನಿಲ್ಲಿಸಬಹುದು, ಒಳಗಿನ ಮೇಲ್ ಎಲ್ಲ ಸಿಕ್ಕಿಬೀಳುತ್ತದೆ. ಖಾತೆ ತೆರೆಯುವಾಗ ನಿಮ್ಮ ಮಗುವಿಗೆ ಎಂಬ ಆಯ್ಕೆ ಇದೆ. ಅದನ್ನು ಆರಿಸಿದರೆ 'ಫ್ಯಾಮಿಲಿ ಲಿಂಕ್' ಮೂಲಕ ಅಪ್ಪ ಅಮ್ಮನ ಖಾತೆಗೆ ಜೋಡಣೆಯಾಗುತ್ತದೆ. ಪಾಸ್‌ವರ್ಡ್ ಮರೆತರೆ ನೀವೇ ಬದಲಿಸಿಕೊಡಬಹುದು. ಕುಟುಂಬದ ಗುಂಪಿನಲ್ಲಿ ನಿಮ್ಮನ್ನೂ ಸೇರಿಸಿ 6 ಜನರವರೆಗೆ ಇರಬಹುದು.

ಹಂತ 8: ಪರೀಕ್ಷೆ ಮಾಡಿ ನೋಡಿ

ಅದೇ ಭಾನುವಾರ ಸಂಜೆ ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಕೂತು ಮನೆಯ ಉಳಿದವರಿಗೆ ಒಂದೊಂದು ಮೇಲ್ ಕಳಿಸಲಿ. ಬಂದ ಮೇಲ್‌ನಲ್ಲಿ ಕಳಿಸಿದವರ ಹೆಸರು ಸರಿಯಾಗಿದೆಯೇ ನೋಡಿ. ಆಮೇಲೆ ಎಲ್ಲರೂ ಸೈನ್ ಔಟ್ ಮಾಡಿ ಮತ್ತೆ ಪಾಸ್‌ವರ್ಡ್ ಹಾಕಿ ಒಳಗೆ ಬರಲಿ. ನೋಡದೆ ಹಾಕಲು ಬಂದರೆ ನೆನಪಿದೆ ಎಂದರ್ಥ.

ಗೂಗಲ್ ಖಾತೆಯ ಸೆಕ್ಯೂರಿಟಿ ಪುಟದಲ್ಲಿ 'ಯುವರ್ ಡಿವೈಸಸ್' ಎಂಬ ಪಟ್ಟಿ ಇದೆ. ನಿಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ಅದು ತೋರಿಸುತ್ತದೆ. ಮಾರಿದ ಹಳೆಯ ಫೋನ್, ಬಿಟ್ಟ ಆಫೀಸಿನ ಕಂಪ್ಯೂಟರ್ ಇನ್ನೂ ಕಾಣುತ್ತಿದ್ದರೆ ಅಲ್ಲಿಂದಲೇ ಸೈನ್ ಔಟ್ ಮಾಡಿ. ಸ್ಟೇಷನ್ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಜಿಮೇಲ್ ತೆರೆದು ಹಾಗೇ ಬಂದವರಿಗೂ ಇದೇ ದಾರಿ. ಪರಿಚಯವಿಲ್ಲದ ಹೆಸರು ಕಂಡರೆ ಪಾಸ್‌ವರ್ಡ್ ಕೂಡಲೇ ಬದಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಹಿರಿಯರ ಖಾತೆಗಳಿಗೆ ಇನ್ನೆರಡು ಕೆಲಸ. 2 ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು. ಅಜ್ಜಿ ಊರಿಗೆ ಹೋಗಿ ಅಲ್ಲೇ ಉಳಿದರೆ, ಅವರು ಮುಂಬಯಿಗೆ ಬಂದಾಗೆಲ್ಲ ಒಮ್ಮೆ ಕೂರಿಸಿ ತೆರೆಸಿ. ಎರಡನೆಯದು 'ಇನ್ಆಕ್ಟಿವ್ ಅಕೌಂಟ್ ಮ್ಯಾನೇಜರ್'. 3, 6, 12 ಅಥವಾ 18 ತಿಂಗಳು ಖಾತೆ ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಅವರಿಗೆ ಕೊಡಬಹುದು ಎಂದು ಮೊದಲೇ ಬರೆದಿಡುವ ಸೌಲಭ್ಯ ಅದು. 10 ಜನರವರೆಗೆ ಹೆಸರಿಸಬಹುದು. ವಿಮೆ, ಎಫ್‌ಡಿ, ಪೆನ್ಶನ್ ಕಾಗದಗಳೆಲ್ಲ ಇಮೇಲ್‌ಗೇ ಬರುವ ಹಿರಿಯರಿಗೆ ಇದು ಬೇಕೇ ಬೇಕು. ಯಾರ ಹೆಸರು ಹಾಕಬೇಕು ಎಂಬುದನ್ನು ಮಾತ್ರ ಅವರೇ ಹೇಳಲಿ. ಅವರು ಹೇಳಿದ ಹೆಸರನ್ನೇ ಹಾಕಿ, ಹಾಕಿದ್ದನ್ನು ಅವರಿಗೆ ಪರದೆಯ ಮೇಲೆ ತೋರಿಸಿ.